‘ಸುಖಸಂಕಥಾವಿನೋದ’ದ ಹಿಂದೆ ಇದ್ದವರು

ನಿಪ್ಪಾಣಿಯ ವಾಡೆಯ ಬಗ್ಗೆ ಚಿಕ್ಕಂದಿನಲ್ಲಿ ಕೇಳಿದ್ದೆಲ್ಲ ಸಿದ್ದೋಜಿರಾವ್ ನಿಂಬಾಳ್ಕರರ ಕುದುರೆ, ಕತ್ತಿ, ಫೌಜಿನ ಕಥೆಗಳೇ. ಅಲ್ಲಿ ದಿನಾ ಒಲಿ ಹಚ್ಚುತ್ತಿದ್ದವರು ಯಾರು, ನೀರು ಹೊರುತ್ತಿದ್ದವರು ಯಾರು ಅಂತ ಯಾವ ಅಜ್ಜನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಶಾಸನ ಓದಲು ಕಲಿತ ಮೇಲೆ ಅದೇ ಪ್ರಶ್ನೆ ಮತ್ತೆ ಎದುರಾಯ್ತು. ನಮ್ಮ ಭಾಗದ ಶಿಲಾಹಾರರು, ರಟ್ಟರು, ಅವರ ಮೇಲಿನ ಕಲ್ಯಾಣ ಚಾಲುಕ್ಯರು, ಯಾರ ಶಾಸನ ನೋಡಿದರೂ ಅರಸ ನೆಲೆವೀಡಿನಲ್ಲಿ ‘ಸುಖಸಂಕಥಾವಿನೋದದಿಂ’ ರಾಜ್ಯವಾಳುತ್ತಿರುತ್ತಾನೆ. ಅಂದರೆ ಹಿತವಾದ ಮಾತುಕತೆಯಲ್ಲಿ ಕಾಲ ಕಳೆಯುತ್ತ. ಸರಿ, ಅರಸ ಮಾತಾಡ್ತಾ ಕೂತಿದ್ದಾಗ ಮನೆ ನಡೆಸುತ್ತಿದ್ದವರು ಯಾರು?

ಉತ್ತರ ಅದೇ ಕಲ್ಲುಗಳಲ್ಲಿ, ಕೆಲವು ಸಾಲು ಕೆಳಗೆ, ಅಧಿಕಾರಿಗಳ ಬಿರುದುಗಳ ನಡುವೆ ಇದೆ. ಮನೆವೆರ್ಗಡೆ ಅರಮನೆಯ ಮೇಲ್ವಿಚಾರಕ. ಪಡಿಯರ ಬಾಗಿಲು ಕಾಯುವವ. ಮಾಣಿಕಭಂಡಾರಿಯದು ರತ್ನಭಂಡಾರದ ಹೊಣೆ. ಸಾಹಣಿ ಕುದುರೆಗಳನ್ನು ನೋಡಿಕೊಳ್ಳುವವ. ಹಡಪವಳ ಎಲೆಅಡಿಕೆಯ ಚೀಲ ಹಿಡಿದು ಪಕ್ಕದಲ್ಲೇ ನಿಲ್ಲುವವ. ‘ಹಡಪ’ ಅಂದರೆ ಆ ಚೀಲ. ಹಡಪದ ಅಪ್ಪಣ್ಣನ ಹೆಸರಿನಲ್ಲಿ ಆ ಪದ ಇಂದಿಗೂ ಉಳಿದಿದೆ. ಇನ್ನು ‘ವೆರ್ಗಡೆ’ ಎಂಬುದು ‘ಪೆರ್ಗಡೆ’ಯೇ, ಇಂದಿನ ಹೆಗ್ಗಡೆ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ‘ಬಾಣಸವೆರ್ಗಡೆ’ ಎಂಬ ಬಿರುದನ್ನು ಮೊದಲ ಸಲ ಓದಿದಾಗ, ಬಾಣ ಅಂದಮೇಲೆ ಆಯುಧಶಾಲೆಯ ಮುಖ್ಯಸ್ಥ ಇರಬೇಕು ಅಂತ ಟಿಪ್ಪಣಿ ಬರೆದಿಟ್ಟಿದ್ದೆ. ಬಿರುದು ಹೊತ್ತವನು ದಂಡನಾಯಕ ಬೇರೆ! ಎಷ್ಟೋ ದಿನದ ಮೇಲೆ ‘ಬಾಣಸಿಗ’ ನೆನಪಾಯ್ತು. ಬಾಣಸ ಅಂದರೆ ಅಡುಗೆಮನೆ.

ಆ ದಂಡನಾಯಕ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ಅನಂತಪಾಲ. ಬನವಾಸಿ 12000ದಂಥ ಪ್ರಾಂತದ ಹೊಣೆ ಹೊತ್ತವನು ಅಡುಗೆಮನೆಯ ಬಿರುದನ್ನು ಮುಚ್ಚಿಡಲಿಲ್ಲ, ಕಲ್ಲಿನಲ್ಲಿ ಕೆತ್ತಿಸಿಕೊಂಡ. ಅವನೇನು ಸೌಟು ಹಿಡಿದಿರಲಿಕ್ಕಿಲ್ಲ. ಆದರೆ ಅರಸನ ಊಟವನ್ನು ಮೊದಲು ಬೆಂಕಿಗೂ ಹಕ್ಕಿಗಳಿಗೂ ಹಾಕಿ ನೋಡಬೇಕು ಅಂತ ಅರ್ಥಶಾಸ್ತ್ರ ಹೇಳುತ್ತದೆ. ವಿಷದ ಭಯ ಅಷ್ಟಿದ್ದಾಗ, ಅಡುಗೆಮನೆಯ ಕೀಲಿಕೈ ಯಾರಲ್ಲಿದೆಯೋ ಅವನೇ ಅರಸನ ಅತ್ಯಂತ ನಂಬಿಗಸ್ತ ಅಂತ ನನಗನ್ನಿಸುತ್ತದೆ.

ಆ ಒಲೆಗೆ ಸಾಮಾನು ಎಲ್ಲಿಂದ? ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ 1204ರ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಾಲ್ಕನೆಯ ಕಾರ್ತವೀರ್ಯನ ಕಾಲದ ಆ ದಾನಗಳಲ್ಲಿ ಭತ್ತ, ಮೆಣಸು, ಅರಿಸಿನ, ವೀಳ್ಯದೆಲೆ, ಅಡಕೆಗಳ ಮೇಲಿನ ಸುಂಕದ ಲೆಕ್ಕ ಬರುತ್ತದೆ. ದಾನ ಬಸದಿಗೆ, ಆದರೆ ರಾಜಧಾನಿಯ ಪೇಟೆಗೆ ಏನೇನು ಬರುತ್ತಿತ್ತು ಎಂಬುದು ನಮಗೆ ಸಿಗುತ್ತದೆ.

ಕೆಲ ವರ್ಷಗಳ ಹಿಂದೆ ರಾಯಬಾಗ ತಾಲೂಕಿನ ಒಂದು ಹಳ್ಳಿಗೆ ಕಲ್ಲು ನೋಡಲು ಹೋಗಿದ್ದೆ. ಗುಡಿ ಹೊಸದಾಗಿತ್ತು. ಕಲ್ಲಿನ ಮೇಲ್ಭಾಗ ಮಾತ್ರ ಕಾಣುತ್ತಿತ್ತು: ಸೂರ್ಯ, ಚಂದ್ರ, ಆಕಳು, ಅರಸನ ಪ್ರಶಸ್ತಿಯ ನಾಲ್ಕು ಸಾಲು. ‘ಉಳಿದದ್ದು?’ ಅಂದೆ. ‘ಎಲ್ಲೂ ಹೋಗಿಲ್ರಿ ಸಾಹೇಬ್ರ, ಟೈಲ್ಸ್ ಕೆಳಗ ಐತಿ’ ಅಂದರು ಪೂಜಾರಜ್ಜ.

ಅರಸ ಮೇಲೆ ಉಳಿದ. ಅವನ ಮನೆ ನಡೆಸಿದವರು, ದಾನ ಕೊಟ್ಟವರು, ಕಲ್ಲು ಕೆತ್ತಿದವನು, ಇದ್ದಿದ್ದರೆ, ನೆಲದಡಿಗೆ ಹೋದರು. ವೃತ್ತಿಯಿಂದ ನಾನು ಇಂಜಿನಿಯರ್. ಉದ್ಘಾಟನೆಯ ಫಲಕದಲ್ಲಿ ಯಾರ ಹೆಸರು ಇರುತ್ತದೆ, ಯಾರದು ಇರೋದಿಲ್ಲ ಅಂತ ಚೆನ್ನಾಗಿ ಗೊತ್ತು. ಹಳೆಯ ಕಲ್ಲುಗಳು ಈ ವಿಷಯದಲ್ಲಿ ನಮಗಿಂತ ಸ್ವಲ್ಪ ಉದಾರ.

ಆದ್ದರಿಂದ ಗೆಳೆಯರಲ್ಲಿ ಒಂದು ವಿನಂತಿ. ಅಥಣಿ, ಕಾಗವಾಡ, ಚಿಕ್ಕೋಡಿ ಕಡೆ ಎಲ್ಲಿ ಶಾಸನ ಕಂಡರೂ ಅರಸನ ಹೆಸರು ಸಿಕ್ಕಿತೆಂದು ಫೋಟೋ ನಿಲ್ಲಿಸಬೇಡಿ. ಕೊನೆಯ ಸಾಲಿನವರೆಗೂ ತೆಗೆಯಿರಿ. ಗುಡಿ ಜೀರ್ಣೋದ್ಧಾರ ಶುರುವಾಗುವ ಸುದ್ದಿ ಬಂದರೆ, ಟೈಲ್ಸ್ ಬರುವ ಮೊದಲೇ ಒಮ್ಮೆ ಹೋಗಿ ಬನ್ನಿ.