ಮಾತಿನ ಚಿಕಿತ್ಸೆಯಲ್ಲಿ ಕರ್ತೃ ಯಾರು?

‘ವೈದ್ಯರು ರೋಗಿಯನ್ನು ಗುಣಪಡಿಸಿದರು.’ ವ್ಯಾಕರಣದ ಪಾಠದಲ್ಲಿ ಕಲಿತಂತೆ ಈ ವಾಕ್ಯದಲ್ಲಿ ವೈದ್ಯರು ಕರ್ತೃ, ರೋಗಿ ಕರ್ಮ. ಮುರಿದ ಮೂಳೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ಸರಿಯೇ. ಆದರೆ ನೊಂದ ಮನಸ್ಸಿಗೆ ಮಾತಿನ ಮೂಲಕ ನೀಡುವ ಮನೋಚಿಕಿತ್ಸೆಯಲ್ಲಿ ನೆರವು ಬೇಡಿ ಬಂದವನು ಬರಿಯ ಕರ್ಮಪದವೇ? ‘ನನ್ನ ಬದುಕಿನಲ್ಲಿ ನಾನೂ ಏನಾದರೂ ಮಾಡಬಲ್ಲೆ’ ಎಂಬ ಭಾವವನ್ನು ಕರ್ತೃತ್ವಭಾವ ಎನ್ನೋಣ. ಚಿಕಿತ್ಸೆಯ ಹೊಸ್ತಿಲಲ್ಲಿ ಈ ಭಾವಕ್ಕೆ ಎಷ್ಟು ಬೆಲೆ ಎಂಬುದನ್ನು ವೈದ್ಯರಿಗೆ ಮೊದಲು ತೋರಿಸಿಕೊಟ್ಟವರು ನೆರವು ಬೇಡಿ ಬಂದವರೇ ಎಂಬುದು ಇತಿಹಾಸದ ಒಂದು ಸ್ವಾರಸ್ಯ.

ಹೆಸರಿಟ್ಟವಳು ರೋಗಿ

1880ರ ಕೊನೆಯಲ್ಲಿ ವಿಯೆನ್ನಾ ನಗರದ ವೈದ್ಯ ಯೋಸೆಫ್ ಬ್ರಾಯರ್ 21 ವರ್ಷದ ತರುಣಿಯೊಬ್ಬಳಿಗೆ ಚಿಕಿತ್ಸೆ ಆರಂಭಿಸಿದರು. ಕಾಯಿಲೆಯ ತಂದೆಯ ಆರೈಕೆ ಮಾಡುತ್ತ ಆಕೆ ತಾನೇ ಹಾಸಿಗೆ ಹಿಡಿದಿದ್ದಳು. ಕೈಕಾಲು ಸ್ವಾಧೀನದಲ್ಲಿರಲಿಲ್ಲ; ತಾಯ್ನುಡಿಯಾದ ಜರ್ಮನ್ ಮರೆತಂತಾಗಿ ಇಂಗ್ಲಿಷ್ ಮಾತ್ರ ಬರುತ್ತಿದ್ದ ಕಾಲವೂ ಇತ್ತು. ಸಂಜೆಯ ವೇಳೆ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಾಗ ಆಕೆಗೆ ಸಮಾಧಾನ ಸಿಗುತ್ತಿತ್ತು. ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವರು ಬ್ರಾಯರ್ ಅಲ್ಲ, ಆ ತರುಣಿ. ತಮಾಷೆಗೆ ‘ಹೊಗೆಗೂಡು ಗುಡಿಸುವುದು’ ಎಂದೂ ಕರೆಯುತ್ತಿದ್ದಳು.

1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಒಟ್ಟಾಗಿ ಪ್ರಕಟಿಸಿದ ಗ್ರಂಥದಲ್ಲಿ ಆಕೆಯ ಹೆಸರು ‘ಆನ್ನಾ ಓ.’ ನಿಜವಾದ ಹೆಸರು ಬರ್ತಾ ಪಾಪ್ಪೆನ್‌ಹೈಮ್. ಗ್ರಂಥದಲ್ಲಿ ಬರೆದಷ್ಟು ಸುಲಭವಾಗಿ ಆಕೆ ಗುಣ ಹೊಂದಲಿಲ್ಲ. 1882ರಲ್ಲಿ ಸ್ವಿಟ್ಜರ್ಲೆಂಡಿನ ಆಸ್ಪತ್ರೆಯೊಂದನ್ನು ಸೇರಬೇಕಾಯಿತು. ಆದರೆ ಮುಂದೆ ಆಕೆ ಫ್ರಾಂಕ್‌ಫರ್ಟ್ ನಗರದಲ್ಲಿ ಅನಾಥಾಲಯ ನಡೆಸಿದಳು, 1904ರಲ್ಲಿ ಯಹೂದಿ ಮಹಿಳೆಯರ ಸಂಘ ಕಟ್ಟಿದಳು, 1907ರಲ್ಲಿ ನಿರ್ಗತಿಕ ಹುಡುಗಿಯರಿಗಾಗಿ ಆಶ್ರಯಧಾಮ ತೆರೆದಳು. 1954ರಲ್ಲಿ ಪಶ್ಚಿಮ ಜರ್ಮನಿ ಅಂಚೆಚೀಟಿ ಹೊರಡಿಸಿ ಗೌರವಿಸಿದ್ದು ಈ ಸಮಾಜಸೇವಕಿಯನ್ನು.

ಅದೇ ಗ್ರಂಥದಲ್ಲಿ ಇನ್ನೊಬ್ಬ ಮಹಿಳೆಯ ವೃತ್ತಾಂತವಿದೆ. ಇದು ಎಲ್ಲಿಂದ ಬಂತು, ಅದು ಎಲ್ಲಿಂದ ಬಂತು ಎಂದು ಸದಾ ಕೇಳಬೇಡಿ, ನಾನು ಹೇಳಬೇಕಾದುದನ್ನು ಹೇಳಲು ಬಿಡಿ ಎಂದು ಆಕೆ ಫ್ರಾಯ್ಡ್‌ರಿಗೆ ಖಡಾಖಂಡಿತವಾಗಿ ತಿಳಿಸಿದಳು. ಫ್ರಾಯ್ಡ್ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಮುಂದಿನ ವರ್ಷಗಳಲ್ಲಿ ಅವರು ಸಂಮೋಹನವನ್ನು ಕೈಬಿಟ್ಟು, ಮನಸ್ಸಿಗೆ ಬಂದುದನ್ನೆಲ್ಲ ತಡೆಯಿಲ್ಲದೆ ಹೇಳುವ ವಿಧಾನವನ್ನು ಬೆಳೆಸಿದರು. ಆದರೂ ಹೇಳಿದ್ದರ ಅರ್ಥ ಬಿಡಿಸುವ ಅಧಿಕಾರ ವೈದ್ಯರ ಕೈಯಲ್ಲೇ ಉಳಿಯಿತು.

ಬಾಗಿಲ ಬಳಿ ಕೇಳಿದ ಪ್ರಶ್ನೆ

ಈ ಅಧಿಕಾರವನ್ನು ಪ್ರಶ್ನಿಸಿದವರು ಅಮೆರಿಕದ ಕಾರ್ಲ್ ರೋಜರ್ಸ್. ರೋಚೆಸ್ಟರ್ ನಗರದಲ್ಲಿ ಮಕ್ಕಳ ಸಮಸ್ಯೆಗಳ ತಜ್ಞರಾಗಿದ್ದಾಗ ಅವರು ತುಂಟ ಹುಡುಗನೊಬ್ಬನ ತಾಯಿಗೆ ಸಲಹೆ ನೀಡುತ್ತಿದ್ದರು. ಮಗನನ್ನು ಆಕೆ ದೂರವಿಟ್ಟಿದ್ದೇ ಸಮಸ್ಯೆಗೆ ಕಾರಣವೆಂದು ಮನವರಿಕೆ ಮಾಡಲು ಹಲವು ಬಾರಿ ಯತ್ನಿಸಿದರು, ಫಲ ಸಿಗಲಿಲ್ಲ. ಇನ್ನು ನಿಲ್ಲಿಸೋಣ ಎಂದರು. ಆಕೆಯೂ ಒಪ್ಪಿ ಎದ್ದಳು. ಬಾಗಿಲ ಬಳಿ ಹೋದವಳು ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಎಂದು ಕೇಳಿದಳು. ಮರಳಿ ಬಂದು ಕುಳಿತು ತನ್ನ ದಾಂಪತ್ಯದ ನೋವನ್ನೆಲ್ಲ ತೋಡಿಕೊಂಡಳು. ನಿಜವಾದ ಚಿಕಿತ್ಸೆ ಶುರುವಾದದ್ದು ಆಗ. ಎಲ್ಲಿ ನೋಯುತ್ತಿದೆ, ಯಾವ ದಿಕ್ಕಿಗೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತಿರುತ್ತದೆ ಎಂಬುದು ರೋಜರ್ಸ್ ಕಲಿತ ಪಾಠ.

1942ರ ತಮ್ಮ ಗ್ರಂಥದಲ್ಲಿ ಅವರು ‘ರೋಗಿ’ಯ ಬದಲು ‘ಕ್ಲೈಂಟ್’ ಎಂಬ ಪದವನ್ನು ಬಳಸಿದರು. ವಕೀಲರ ಬಳಿಗೆ ಹೋಗುವ ಕಕ್ಷಿದಾರನಿಗೂ ಇಂಗ್ಲಿಷಿನಲ್ಲಿ ಇದೇ ಪದ. ಕಾನೂನು ಬಲ್ಲವರು ವಕೀಲರು. ಆದರೆ ವ್ಯಾಜ್ಯ ಕಕ್ಷಿದಾರನದು, ವಕಾಲತ್ತಿಗೆ ಸಹಿ ಹಾಕುವವನೂ ಅವನೇ.

ಇಲ್ಲಿ ಒಂದು ತೊಡಕಿದೆ. ತನ್ನ ಕೈಲಾಗದು ಎಂದು ಸೋತಾಗಲೇ ಅಲ್ಲವೇ ಮನುಷ್ಯ ನೆರವು ಕೇಳುವುದು? 1961ರಲ್ಲಿ ಜೆರೋಮ್ ಫ್ರಾಂಕ್ ಎಂಬ ಮನೋವೈದ್ಯರು ಇದನ್ನೇ ಎತ್ತಿ ಹೇಳಿದರು: ಚಿಕಿತ್ಸೆಗೆ ಬರುವವರು ಎದೆಗುಂದಿರುತ್ತಾರೆ, ಭರವಸೆ ಮರಳಿಸುವುದೇ ಎಲ್ಲ ಪದ್ಧತಿಗಳ ಸಮಾನ ಕೆಲಸ. 2012ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೊನಾಥನ್ ಆಡ್ಲರ್ ಒಂದು ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆಗೆ ಮೊದಲೂ ಪ್ರತಿ ಭೇಟಿಯ ನಂತರವೂ 47 ಜನರು ತಮ್ಮ ಅನುಭವ ಬರೆದಿದ್ದರು. ಆ ಬರಹಗಳಲ್ಲಿ ಕರ್ತೃತ್ವಭಾವ ಮೊದಲು ಹೆಚ್ಚಿತು. ಮಾನಸಿಕ ಆರೋಗ್ಯ ಸುಧಾರಿಸಿದ್ದು ಅದರ ಹಿಂದೆಯೇ. ಅಂದರೆ ಮೊದಲ ದಿನ ಈ ಭಾವ ಕ್ಷೀಣವಾಗಿದ್ದರೆ ನಿರಾಶರಾಗಬೇಕಿಲ್ಲ. ಅದು ಬೆಳೆಯಬಲ್ಲದು.

ನಮ್ಮ ನಾಡಿನಲ್ಲಿ

ನಮ್ಮಲ್ಲಿ ಅನೇಕರು ತಾವಾಗಿ ಬರುವುದಿಲ್ಲ, ಮನೆಯವರು ಕರೆತರುತ್ತಾರೆ. ಬಂದವರೂ ವೈದ್ಯರಿಂದ ಹಿರಿಯರ ಮಾರ್ಗದರ್ಶನವನ್ನು ನಿರೀಕ್ಷಿಸುತ್ತಾರೆ. ಇದನ್ನು ಗಮನಿಸಿದ ಮನೋವೈದ್ಯ ಜೆ.ಎಸ್. ನೇಕಿ, ಗುರು-ಶಿಷ್ಯ ಸಂಬಂಧವೇ ಚಿಕಿತ್ಸೆಗೆ ಮಾದರಿಯಾಗಬಹುದೆಂದು 1973ರಲ್ಲಿ ಬರೆದರು. ಗುರು ದಾರಿ ತೋರಿಸಿದರೂ ನಡೆಯಬೇಕಾದವನು ಶಿಷ್ಯನೇ ತಾನೆ?

ಕಾನೂನು ಸಹ ನಿಧಾನವಾಗಿ ಬದಲಾಗಿದೆ. 1912ರ ಕಾಯಿದೆಯಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸುವಾಗ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಪ್ರಮುಖ ಸ್ಥಾನವಿತ್ತು. 1987ರ ಕಾಯಿದೆ ಅದರ ಜಾಗಕ್ಕೆ ಬಂತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ಮುಂದೆ ಕಾಯಿಲೆಯಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವಯಸ್ಕ ವ್ಯಕ್ತಿ ಮುಂಚಿತವಾಗಿ ಬರೆದಿಡಬಹುದು. ತನ್ನ ವಿವರ ಗೋಪ್ಯವಾಗಿರಬೇಕೆಂದು ಕೇಳುವ ಹಕ್ಕೂ ಇದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಪ್ರಮುಖ ಕೇಂದ್ರ.

ಆದ್ದರಿಂದ ಮೊದಲ ಭೇಟಿಯಲ್ಲಿ ಪ್ರಶ್ನೆ ಕೇಳುವುದು ಉದ್ಧಟತನವಲ್ಲ. ಈ ಚಿಕಿತ್ಸೆ ಹೇಗೆ ನಡೆಯುತ್ತದೆ, ಎಷ್ಟು ದಿನ ಬೇಕಾದೀತು, ನಾನು ಹೇಳಿದ್ದು ಯಾರಿಗೆ ತಿಳಿಯುತ್ತದೆ ಎಂದು ವಿಚಾರಿಸಬಹುದು. ‘ನನಗೆ ಹೀಗನಿಸುತ್ತಿಲ್ಲ’ ಎನ್ನಲೂಬಹುದು. ಗೆಳೆಯನೊಬ್ಬ ಹೀಗೆ ನೆರವು ಕೇಳಲು ಹೊರಟರೆ ಅವನನ್ನು ದುರ್ಬಲನೆಂದು ಹಂಗಿಸಬಾರದು. ‘ನಾನು ನೆರವು ಕೇಳಿದೆ’ ಎಂಬ ವಾಕ್ಯದಲ್ಲಿ ಕರ್ತೃಪದ ಯಾವುದು ಎಂಬುದನ್ನು ನೆನೆದರೆ ಸಾಕು.