ದೇವದಾಸಿ ಸಮೀಕ್ಷೆಗಳು, ಕರ್ನಾಟಕ

ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಲೈಂಗಿಕ ಶೋಷಣೆಗೆ ಈಡಾದ ಮಹಿಳೆಯರನ್ನು ಗುರುತಿಸಿ ಪುನರ್ವಸತಿ ಕಲ್ಪಿಸಲು ರಾಜ್ಯ ಸರ್ಕಾರ ನಡೆಸಿದ ಗಣತಿಗಳು. ಇವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯವರು. ಹಲವರನ್ನು ಎಳೆಯ ವಯಸ್ಸಿನಲ್ಲೇ ಮುಂಬೈ, ಪುಣೆಯ ವೇಶ್ಯಾಗೃಹಗಳಿಗೆ ಸಾಗಿಸಲಾಗಿತ್ತು.

ನಿಷೇಧ ಮೊದಲು ಬಂತು, ಲೆಕ್ಕ ಬಹಳ ತಡವಾಗಿ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮುಂಬೈ ಪ್ರಾಂತ್ಯದಲ್ಲಿ 1934ರಲ್ಲಿ, ಮದ್ರಾಸಿನಲ್ಲಿ 1947ರಲ್ಲಿ ಕಾಯ್ದೆಗಳಾದವು. ಕರ್ನಾಟಕದ 1982ರ ಸಮರ್ಪಣೆ ನಿಷೇಧ ಕಾಯ್ದೆ ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ, ಹೆತ್ತವರೋ ಬಂಧುಗಳೋ ಆಗಿದ್ದರೆ 5 ವರ್ಷದವರೆಗೆ ಜೈಲು ಗೊತ್ತುಮಾಡಿತು. ಆದರೆ ಶೋಷಿತರು ಎಷ್ಟು ಮಂದಿ, ಯಾವ ಊರಿನವರು ಎಂಬುದಕ್ಕೆ ಉತ್ತರ ಸಿಗಲು ಇನ್ನೂ ಒಂದು ದಶಕ ಬೇಕಾಯಿತು.

1993-94ರ ಸಮೀಕ್ಷೆ 22,873 ಮಂದಿಯನ್ನು ಗುರುತಿಸಿತು. 2007-08ರದು 23,787 ಮಂದಿಯನ್ನು. ಎರಡೂ ಸೇರಿ 46,660. ಬಹುತೇಕ ಉತ್ತರ ಮತ್ತು ಮಧ್ಯ ಕರ್ನಾಟಕದ ಜಿಲ್ಲೆಗಳವರು. ಪಟ್ಟಿಯಲ್ಲಿ ಹೆಸರಿದ್ದವಳು ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ಮಾಸಾಶನ, ಸಾಲ, ಸಹಾಯಧನಕ್ಕೆ ಅರ್ಹಳಾದಳು. ಹೆಸರಿಲ್ಲದವಳು ಎಷ್ಟೇ ನೊಂದಿದ್ದರೂ ಕಚೇರಿಯ ಬಾಗಿಲಲ್ಲೇ ಉಳಿದಳು.

ಬಿಟ್ಟುಹೋದವರು ಯಾರು ಎಂಬುದೇ ಈ ಚರಿತ್ರೆಯ ಮುಖ್ಯ ಭಾಗ. ಗಣತಿಯ ವೇಳೆ ಗುಳೆ ಹೋಗಿದ್ದವರು ತಪ್ಪಿಹೋದರು. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವರ ಪಾಡು ಇನ್ನೂ ಕಷ್ಟದ್ದು: ನಿಜ ಹೇಳಿದರೆ ಅಪ್ಪ ಅವ್ವ ಜೈಲಿಗೆ, ಹೇಳದಿದ್ದರೆ ನೆರವಿಲ್ಲ. ಅಂಥವಳು ಮರೆಮಾಚಿದ್ದನ್ನು ಪದ್ಧತಿ ನಿಂತುಹೋದದ್ದಕ್ಕೆ ಸಾಕ್ಷಿಯೆಂದು ಓದುವುದು ಅನ್ಯಾಯ.

ಈ ಮೌನವನ್ನು ಒಡೆದವರಲ್ಲಿ ಮಾಜಿ ದೇವದಾಸಿಯರೇ ಮುಂದಿದ್ದಾರೆ. ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅವರದೇ ಸಂಘಟನೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ, ಏಳನೆಯ ವಯಸ್ಸಿನಲ್ಲಿ ತಾವೇ ಸಮರ್ಪಿತರಾಗಿದ್ದವರು, 2018ರಲ್ಲಿ ಪದ್ಮಶ್ರೀ ಪಡೆದರು. ತನ್ನಂತೆಯೇ ಬದುಕಿದವಳ ಮುಂದೆ ಬಾಯಿಬಿಡುವ ಹೆಣ್ಣು ನಮೂನೆ ಹಿಡಿದು ಬಂದ ಅಧಿಕಾರಿಯ ಮುಂದೆ ಬಿಡುವುದಿಲ್ಲ. ಗಣತಿದಾರರ ಆಯ್ಕೆಯಲ್ಲಿ ಇದಕ್ಕೆ ಮೊದಲ ಸ್ಥಾನ ಸಿಗಬೇಕಿತ್ತು.

ಬಿಟ್ಟುಹೋದವರನ್ನು ಸೇರಿಸಲು ಮರುಸಮೀಕ್ಷೆ ಬೇಕೆಂದು ದೇವದಾಸಿ ಮಹಿಳೆಯರ ವಿಮೋಚನಾ ಸಂಘ ವರ್ಷಗಟ್ಟಲೆ ಹೋರಾಡಿತು. 2025ರಲ್ಲಿ ಮರುಸಮೀಕ್ಷೆ ಆರಂಭವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಕಾನೂನು ನಿಷೇಧದ ಜೊತೆಗೆ ಪರಿಹಾರ, ಪುನರ್ವಸತಿಯನ್ನೂ ಸೇರಿಸಿತು. ದಾಖಲೆಗಳಲ್ಲಿ ತಂದೆಯ ಹೆಸರಿಗಾಗಿ ಈ ಮಹಿಳೆಯರ ಮಕ್ಕಳನ್ನು ಒತ್ತಾಯಿಸಬಾರದು ಎಂದಿತು.