ಹಗುರ ಪ್ರಕ್ರಿಯೆಗಳ ಮೂಲ: ಎರ್ಲಾಂಗ್ ಭಾಷೆ ಮತ್ತು ಆಕ್ಟರ್ ಸಿದ್ಧಾಂತ

ಸ್ವಂತ ಸ್ಥಿತಿಯನ್ನು ತನ್ನಲ್ಲಿಯೇ ಇರಿಸಿಕೊಂಡು, ಇತರರೊಡನೆ ಸಂದೇಶಗಳ ಮೂಲಕ ಮಾತ್ರ ವ್ಯವಹರಿಸುವ ಗಣನಘಟಕವನ್ನು 'ಆಕ್ಟರ್' ಎಂದು ಕರೆಯಲಾಗಿದೆ. ಈ ಪರಿಕಲ್ಪನೆಯನ್ನು ಕಾರ್ಲ್ ಹ್ಯೂವಿಟ್, ಪೀಟರ್ ಬಿಷಪ್ ಮತ್ತು ರಿಚರ್ಡ್ ಸ್ಟೈಗರ್ 1973ರ ಪ್ರಬಂಧವೊಂದರಲ್ಲಿ ಮಂಡಿಸಿದರು. ಗುಲ್ ಆಘಾ ಅವರ ಗ್ರಂಥ 1986ರಲ್ಲಿ ಅದಕ್ಕೆ ವ್ಯವಸ್ಥಿತ ರೂಪವನ್ನು ನೀಡಿತು. ಅದೇ ಕಾಲಕ್ಕೆ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಎರ್ಲಾಂಗ್ ಭಾಷೆ ರೂಪುಗೊಳ್ಳತೊಡಗಿದ್ದರಿಂದ, ಎರಡನೆಯದು ಮೊದಲನೆಯದರ ಸಂತಾನವೆಂಬ ಭಾವನೆ ರೂಢಿಯಲ್ಲಿದೆ. ಇದು ಒಪ್ಪತಕ್ಕದ್ದಲ್ಲ. ಜೋ ಆರ್ಮ್‌ಸ್ಟ್ರಾಂಗ್ ಮತ್ತು ಮೈಕ್ ವಿಲಿಯಮ್ಸ್ ಅವರೊಡನೆ ಭಾಷೆಯನ್ನು ಕಟ್ಟಿದ ರಾಬರ್ಟ್ ವರ್ಡಿಂಗ್, ಆಗ ತಾವು ಆಕ್ಟರ್ ಸಿದ್ಧಾಂತವನ್ನು ಕೇಳಿಯೂ ಇರಲಿಲ್ಲವೆಂದು ಬಳಿಕ ತಿಳಿಸಿದ್ದಾರೆ.

ಅವರ ಮುಂದಿದ್ದುದು ದೂರವಾಣಿ ವಿನಿಮಯ ಕೇಂದ್ರದ ಸಮಸ್ಯೆ. ಅಲ್ಲಿ ಸಾವಿರಾರು ಕರೆಗಳು ಏಕಕಾಲದಲ್ಲಿ ನಡೆಯುತ್ತವೆ. ಒಂದು ಕರೆಯ ನಿರ್ವಹಣೆಯಲ್ಲಿ ದೋಷ ಕಂಡರೆ ಆ ಕರೆ ಕಡಿದುಹೋಗಬಹುದೇ ಹೊರತು ಉಳಿದವರ ಮಾತು ನಿಲ್ಲಕೂಡದು. ಆದುದರಿಂದ ಪ್ರತಿಯೊಂದು ಕರೆಗೂ ಪ್ರತ್ಯೇಕ ಪ್ರಕ್ರಿಯೆ ಬೇಕಾಯಿತು. ಕಾರ್ಯಾಚರಣ ವ್ಯವಸ್ಥೆಯ ಥ್ರೆಡ್ಡಿಗೆ ಸಾಮಾನ್ಯವಾಗಿ ಮೆಗಾಬೈಟ್‌ಗಳ ಲೆಕ್ಕದಲ್ಲಿ ಸ್ಥಳವನ್ನು ಕಾಯ್ದಿರಿಸಲಾಗುತ್ತದೆ. ಎರ್ಲಾಂಗ್ ಪ್ರಕ್ರಿಯೆಯಾದರೋ ಕೆಲವೇ ಸಾವಿರ ಬೈಟ್‌ಗಳಲ್ಲಿ ಹುಟ್ಟಿಕೊಳ್ಳುತ್ತದೆ. ಪ್ರಕ್ರಿಯೆಗಳಿಗೆ ಸಮಾನ ಸ್ಮೃತಿಯಿಲ್ಲ. ಒಂದು ಕುಸಿದಾಗ ಅದಕ್ಕೆ ಜೋಡಣೆಗೊಂಡ ಮೇಲ್ವಿಚಾರಕ ಪ್ರಕ್ರಿಯೆಗೆ ಸುದ್ದಿ ತಲುಪುತ್ತದೆ, ಅದು ಹೊಸದೊಂದನ್ನು ಆರಂಭಿಸುತ್ತದೆ. ಹಗುರತನವು ಇಲ್ಲಿ ಗುರಿಯಲ್ಲ, ಪ್ರತ್ಯೇಕತೆಗೆ ತೆರಬೇಕಾದ ಬೆಲೆಯನ್ನು ತಗ್ಗಿಸುವ ಸಾಧನ ಎಂಬುದು ಗಮನಾರ್ಹ. (ಈ ರಕ್ಷಣೆಯೂ ಪರಿಪೂರ್ಣವಲ್ಲ: ಯಂತ್ರದೊಳಗೆ ಜೋಡಿಸಿದ ಸಿ ಭಾಷೆಯ ಭಾಗವೊಂದು ಕೆಟ್ಟರೆ ಎಲ್ಲವೂ ಒಟ್ಟಿಗೆ ಬೀಳುತ್ತದೆ.)

1998ನೆಯ ವರ್ಷ ವಿಚಿತ್ರವಾದುದು. ಹತ್ತು ಲಕ್ಷಕ್ಕೂ ಮಿಕ್ಕ ಎರ್ಲಾಂಗ್ ಸಾಲುಗಳನ್ನು ಒಳಗೊಂಡ ಎ.ಎಕ್ಸ್.ಡಿ. 301 ಸ್ವಿಚ್ ಯಶಸ್ಸನ್ನು ಕಂಡ ಹೊತ್ತಿಗೇ ಎರಿಕ್ಸನ್ನಿನ ರೇಡಿಯೊ ವಿಭಾಗವು ಹೊಸ ಉತ್ಪನ್ನಗಳಲ್ಲಿ ಈ ಭಾಷೆಯ ಬಳಕೆಯನ್ನು ನಿಷೇಧಿಸಿತು. ಡಿಸೆಂಬರಿನಲ್ಲಿ ಭಾಷೆಯ ಆಕರಸಂಹಿತೆಯನ್ನು ಮುಕ್ತಗೊಳಿಸಲಾಯಿತು. ಸ್ವಲ್ಪದರಲ್ಲಿಯೇ ಪ್ರಮುಖರು ಸಂಸ್ಥೆಯನ್ನು ತೊರೆದರು. ಆರ್ಮ್‌ಸ್ಟ್ರಾಂಗ್ 2004ರಲ್ಲಿ ಮರಳಿ ಸೇರಿದರು. ದೂರವಾಣಿಯ ಲೋಕದಿಂದ ಹೊರಬಿದ್ದ ಭಾಷೆಗೆ ಅಂತರ್ಜಾಲದ ಸರ್ವರ್‌ಗಳು ಆಶ್ರಯ ನೀಡಿದವು. ಬಹುತಿರುಳಿನ ಸಂಸ್ಕಾರಕಗಳ ಬಳಕೆಯನ್ನು 2006ರಲ್ಲಿ ಅಳವಡಿಸಲಾಯಿತು. 2012ರಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆ ಒಂದೇ ಸರ್ವರ್‌ನಲ್ಲಿ 20 ಲಕ್ಷಕ್ಕೂ ಅಧಿಕ ಸಂಪರ್ಕಗಳನ್ನು ನಿರ್ವಹಿಸಿದುದಾಗಿ ಪ್ರಕಟಿಸಿತು.

2009ರಲ್ಲಿ ಪ್ರಕಟಗೊಂಡ ಗೋ ಭಾಷೆ ಲಕ್ಷಾಂತರ ಗೋರೂಟೀನ್‌ಗಳಿಗೆ ಎಡೆಮಾಡಿತು. ಅದರ ಮೂಲವಾದರೂ ಟೋನಿ ಹೋರ್ ಅವರ 1978ರ ಸಿದ್ಧಾಂತದಲ್ಲಿದೆ, ಆಕ್ಟರ್‌ಗಳಲ್ಲಲ್ಲ. ಜಾವಾ ಭಾಷೆ ತನ್ನ ಆರಂಭಕಾಲದ 'ಹಸಿರು ಥ್ರೆಡ್'ಗಳನ್ನು ಕೈಬಿಟ್ಟು, 2023ರ 21ನೆಯ ಆವೃತ್ತಿಯಲ್ಲಿ ಸುಧಾರಿತ ಹಗುರ ಥ್ರೆಡ್‌ಗಳನ್ನು ಸ್ಥಿರವಾಗಿ ಸೇರಿಸಿಕೊಂಡಿತು. ಎರಡರಲ್ಲಿಯೂ ಸ್ಮೃತಿ ಮಾತ್ರ ಹಂಚಿಕೆಯದಾಗಿಯೇ ಉಳಿದಿದೆ. ಜಾವಾದ ಥ್ರೆಡ್ ನಡುವೆಯೇ ಸತ್ತರೆ ಅದು ಅರೆತಿದ್ದಿದ ದತ್ತಾಂಶ ಇತರ ಥ್ರೆಡ್‌ಗಳ ಪಾಲಿಗೆ ಹಾಗೆಯೇ ಉಳಿಯಬಹುದು. ಗೋ ಭಾಷೆಯಲ್ಲಂತೂ ಒಂದೇ ಒಂದು ಗೋರೂಟೀನಿನ 'ಪ್ಯಾನಿಕ್' ತಡೆಯಿಲ್ಲದೆ ಹೋದರೆ ಇಡೀ ಕ್ರಮವಿಧಿಯೇ ಅಂತ್ಯಗೊಳ್ಳುತ್ತದೆ. ವಿನಿಮಯ ಕೇಂದ್ರದ ಎಂಜಿನಿಯರುಗಳು ಎಲ್ಲಕ್ಕಿಂತ ಮೊದಲು ತಪ್ಪಿಸಬಯಸಿದ್ದುದು ಇದನ್ನೇ.